ಋಣಕ್ಕೆ ಮೂಲವುಂಟೆ?

ತಮಿಳುನಾಡಿನ ಗಡಿಭಾಗದ ಅಂಚೆಟ್ಟಿ ಕಡೆ ಜಮೀನು ಕೊಳ್ಳುವವರು ಮೊದಲು ಕೇಳುವುದು ಮೂಲಪತ್ರವನ್ನು. ಮಾರುವವನ ಕೈಗೆ ಆ ಜಮೀನು ಯಾರಿಂದ, ಯಾವ ಕ್ರಯದಿಂದ ಬಂತು ಎಂದು ತೋರಿಸುವ ಹಿಂದಿನ ಪತ್ರ ಅದು, ತಮಿಳಿನಲ್ಲಿ ಮೂಲಪ್ಪತ್ತಿರಂ. ಗರ್ಭಗುಡಿಯಲ್ಲಿ ಕದಲದೆ ನಿಂತದ್ದು ಮೂಲವಿಗ್ರಹ, ಬೀದಿಗೆ ಬರುವುದು ಉತ್ಸವಮೂರ್ತಿ. ಕೂತು ಏಳಲು ಒದ್ದಾಡುವವನಿಗೆ ಇರುವುದು ಮೂಲವ್ಯಾಧಿ. ತಮಿಳರು ವ್ಯಾಧಿಯನ್ನು ಬಿಟ್ಟು ಬರೀ ಮೂಲಂ ಎಂದೇ ಮುಗಿಸುತ್ತಾರೆ. ಹುಡುಗಿಯದು ಮೂಲಾ ನಕ್ಷತ್ರ ಎಂದು ತಿಳಿದರೆ ಗಂಡಿನ ಕಡೆಯವರು ಮಾತು ಬದಲಿಸುವುದು ಎರಡೂ ಭಾಷೆಯ ಮನೆಗಳಲ್ಲಿ ಉಂಟು. ಕಾಡಿನಿಂದ ಬರುವುದು ಗಿಡಮೂಲಿಕೆ. ಬಸ್ಸು ಹೊಸೂರಿಗೆ ಹೋಗುವುದು ಡೆಂಕಣಿಕೋಟೆಯ ಮೂಲಕ. ಇಷ್ಟು ಸಾಲದೆಂಬಂತೆ ಹತ್ತನೆಯ ತರಗತಿಗೆ ಬಂದ ಮಕ್ಕಳು ವರ್ಗ ಸಮೀಕರಣಕ್ಕೂ ಮೂಲ ಹುಡುಕಬೇಕು. ಕೆಲವು ಸಮೀಕರಣಗಳಿಗೆ ಎರಡು ಮೂಲ ಸಿಗುತ್ತವೆ, ಕೆಲವಕ್ಕೆ ಒಂದೇ. ಕೆಲವಕ್ಕೆ ಮಾತ್ರ ಗ್ರಾಫ್ ಹಾಳೆಯ ಮೇಲೆ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಪತ್ರ, ವಿಗ್ರಹ, ಕಾಯಿಲೆ, ನಕ್ಷತ್ರ, ಬಸ್ಸು, ಸಮೀಕರಣ. ಇವನ್ನೆಲ್ಲ ಒಂದೇ ಪದ ಹೊತ್ತುಕೊಂಡದ್ದು ಹೇಗೆ? ಅದರಲ್ಲೂ ಕೊನೆಯದು, ಹಾಳೆಯ ಮೇಲೆ ಕಾಣದೆಯೂ ಲೆಕ್ಕದಲ್ಲಿ ಉಳಿಯುವ ಆ ಮೂಲ, ಈ ಸಾಲಿಗೆ ಸೇರಿದ್ದು ಯಾವಾಗ?

ಮೊದಲು ಮರದ ಬುಡಕ್ಕೆ ಹೋಗೋಣ. ಮೂಲ ಸಂಸ್ಕೃತದ ಪದ, ಋಗ್ವೇದದಷ್ಟು ಹಳೆಯದು. ನಮ್ಮದೇ ಪದ ಬೇರು. ಗಡಿಯಾಚೆ ಅದೇ ವೇರ್ ಆಗುತ್ತದೆ. ತಮಿಳಿನ ವಿಲ್ ಕನ್ನಡದಲ್ಲಿ ಬಿಲ್ಲು, ವೀಡು ಬೀಡು, ವಾಳೈ ಬಾಳೆ. ಅದೇ ದಾರಿಯಲ್ಲಿ ವೇರ್ ಬೇರು. ಎರಡು ಭಾಷೆಗಳೂ ಓಡಾಡುವ ಅಂಚೆಟ್ಟಿಯ ಮಕ್ಕಳಿಗೆ ಈ ವ-ಬ ಅದಲುಬದಲು ಯಾರೂ ಹೇಳಿಕೊಡದೆ ಬರುತ್ತದೆ. ಆದರೆ ಬೇರೂ ವೇರೂ ಗಣಿತದ ಪುಸ್ತಕಕ್ಕೆ ಕಾಲಿಡಲಿಲ್ಲ. ಎರಡು ಭಾಷೆಗಳೂ ಅಲ್ಲಿಗೆ ಮೂಲವನ್ನೇ ಕಳುಹಿಸಿದವು. ಕನ್ನಡದಲ್ಲಿ ವರ್ಗಮೂಲ, ತಮಿಳಿನಲ್ಲಿ ವರ್ಕ್ಕಮೂಲಂ.

ಅದಕ್ಕೆ ಕಾರಣವಿದೆ. ಬೇರು ಎಂದರೆ ಮಣ್ಣಿನೊಳಗೆ ಹರಡಿದ ಎಳೆ. ಮೂಲ ಅಷ್ಟೇ ಅಲ್ಲ, ಯಾವುದರ ಮೇಲೆ ಉಳಿದದ್ದೆಲ್ಲ ನಿಂತಿದೆಯೋ ಆ ತಳ, ಯಾವುದರಿಂದ ಉಳಿದದ್ದು ಹುಟ್ಟಿತೋ ಆ ಕಾರಣ. ಈ ಅರ್ಥಗಳು ಸಂಸ್ಕೃತದಲ್ಲಿ ಬಹಳ ಬೇಗ ಕವಲೊಡೆದವು. ಬೇರು ಸಮೇತ ಕಿತ್ತರೆ ಉನ್ಮೂಲನ, ಏನೂ ಉಳಿಯದಿದ್ದರೆ ನಿರ್ಮೂಲ, ಬುಡದಿಂದ ತುದಿಯವರೆಗಾದರೆ ಆಮೂಲಾಗ್ರ. ಉಪನಿಷತ್ತು ಮತ್ತು ಗೀತೆ ಅಶ್ವತ್ಥವನ್ನು ತಲೆಕೆಳಗು ಮಾಡಿ ಊರ್ಧ್ವಮೂಲವೆಂದವು. ಅರಸರ ಸೈನ್ಯದಲ್ಲಿ ತಲೆತಲಾಂತರದಿಂದ ಬಂದ ಪಡೆಗೆ ಮೌಲಬಲವೆಂದು ಹೆಸರು. ಸಮಾಸದ ಕೊನೆಗೆ ಸೇರಿ ‘ಅದನ್ನು ಕಾರಣವಾಗಿ ಉಳ್ಳ’ ಎಂಬ ಅರ್ಥ ಕೊಡುತ್ತಿದ್ದ ಮೂಲಕ ಎಂಬ ರೂಪ ಕನ್ನಡದಲ್ಲಿ ಸವೆದು ಸವೆದು ಬರೀ ದಾರಿ ತೋರಿಸುವ ಪದವಾಯಿತು. ಡೆಂಕಣಿಕೋಟೆಯ ಮೂಲಕ ಹೋಗುವ ಬಸ್ಸಿನಲ್ಲಿ ಬೇರಿನ ವಾಸನೆ ಉಳಿದಿಲ್ಲ.

ಅದೇ ಮೂಲಕ ಸಂಸ್ಕೃತದಲ್ಲಿ ಮೂಲಂಗಿಗೂ ಹೆಸರು. ಹಿಂದಿಯ ಮೂಲಿ ಅದರ ಪೀಳಿಗೆಯದೇ. ಬೇರನ್ನೇ ತಿನ್ನುವ ತರಕಾರಿಗೆ ಬೇರಿನ ಹೆಸರು. ಇಂಗ್ಲಿಷಿನ ರ‍್ಯಾಡಿಶ್ ಕೂಡ ಹೀಗೆಯೇ ಹುಟ್ಟಿದ್ದು. ಬೇರಿಗೆ ಲ್ಯಾಟಿನ್ನಿನಲ್ಲಿ ರಾಡಿಕ್ಸ್ ಎನ್ನುತ್ತಾರೆ, ರ‍್ಯಾಡಿಶ್ ಅದರಿಂದ ಬಂತು. ಈ ರಾಡಿಕ್ಸ್ ಗಣಿತದ ಹಾದಿಯಲ್ಲೂ ನಮಗೆ ಎದುರಾಗಲಿದೆ.

ಮೂಲದ ಇನ್ನೊಂದು ಕವಲು ಸಂತೆಗೆ ಹೋಯಿತು. ಮೌಲ್ಯ ಎಂಬ ಗಂಭೀರ ಪದವನ್ನು ನಾವೀಗ ಶಿಕ್ಷಣಕ್ಕೂ ಬದುಕಿಗೂ ಅಂಟಿಸುತ್ತೇವೆ. ಅದರ ಹಿಂದಿರುವ ಮೂಲ್ಯ ಶುದ್ಧ ವ್ಯಾಪಾರದ ಪದ, ಅಂದರೆ ಬೆಲೆ. ಪಾಣಿನಿ ಒಂದು ಸೂತ್ರದಲ್ಲಿ (4.4.91) ಮೂಲ ಎಂಬ ಪದವನ್ನು ಒಂದರ ಪಕ್ಕ ಒಂದಾಗಿ ಎರಡು ಸಲ ಇಟ್ಟು, ಮೂಲ್ಯ ಎರಡು ಅರ್ಥಗಳಲ್ಲಿ ಹುಟ್ಟುತ್ತದೆಂದು ತೋರಿಸಿದ್ದಾನೆ. ಅಕ್ಷರ ಉಳಿಸುವುದರಲ್ಲಿ ಹೆಸರಾದವನೇ ಒಂದು ಪದವನ್ನು ಎರಡು ಸಲ ಬರೆಯಬೇಕಾಯಿತು ಎಂದರೆ, ಮೂಲದ ಅರ್ಥ ಆಗಲೇ ಎರಡಾಗಿ ಸೀಳಿತ್ತು ಎಂದೇ ಲೆಕ್ಕ.

ವ್ಯಾಪಾರಕ್ಕೆ ಹಾಕಿದ ಹಣ ಮೂಲಧನ. ಸಾಲ ಕೊಟ್ಟ ಹಣವೂ ಮೂಲವೇ. ಈ ಅರ್ಥಕ್ಕೆ ಇಂದು ಕನ್ನಡಿಗರೂ ತಮಿಳರೂ ಬಳಸುವ ಪದ ಬೇರೆ. ಅಂಚೆಟ್ಟಿಯಲ್ಲಿ ಸಾಲದ ಮಾತು ಬಂದರೆ ಕನ್ನಡದ ಬಾಯಲ್ಲಿ ಅಸಲು ಮತ್ತು ಬಡ್ಡಿ, ತಮಿಳಿನ ಬಾಯಲ್ಲಿ ಅಸಲ್ ಮತ್ತು ವಟ್ಟಿ. ಅಸಲು ಅರಬ್ಬಿಯಿಂದ ಪಾರಸಿ, ಹಿಂದೂಸ್ತಾನಿಗಳ ದಾರಿ ಹಿಡಿದು ಬಂದದ್ದು. ಅರಬ್ಬಿಯಲ್ಲಿ ‘ಅಸ್ಲ್’ ಎಂದರೂ ಬೇರು, ಬುಡ, ಮೂಲ! ಹೊರಟ ಊರು ಬೇರೆ, ನಡೆದ ದಾರಿ ಬೇರೆ. ಕೊನೆಗೆ ಎರಡು ಪದಗಳೂ ಬಂದು ಕೂತದ್ದು ಲೇವಾದೇವಿಯವನ ಪುಸ್ತಕದ ಒಂದೇ ಕಲಮಿನಲ್ಲಿ. ಬಡ್ಡಿ ಎಂದರೆ ವೃದ್ಧಿ, ಬೆಳೆಯುವುದು. ಬೆಳೆಯುವುದಕ್ಕೆ ಬೇರು ಬೇಕಲ್ಲ, ಅದೇ ಅಸಲು.

ವರ್ಗ ಸಮೀಕರಣ ಕಥೆಯೊಳಗೆ ಬರುವುದು ಈ ಬಡ್ಡಿ ಲೆಕ್ಕದಿಂದಲೇ. ಆರ್ಯಭಟ 499ರ ಸುಮಾರಿಗೆ ಬರೆದ ‘ಆರ್ಯಭಟೀಯ’ದ ಗಣಿತಪಾದದಲ್ಲಿ 25ನೆಯ ಶ್ಲೋಕ ಒಂದು ಸಾಲದ ಲೆಕ್ಕಕ್ಕೆ ಸೂತ್ರ ಕೊಡುತ್ತದೆ. ಲೆಕ್ಕ ಹೀಗೆ: 100 ರೂಪಾಯಿಯನ್ನು ತಿಂಗಳ ಬಡ್ಡಿಗೆ ಕೊಟ್ಟೆ. ಬಡ್ಡಿ ಎಷ್ಟೆಂದು ಗೊತ್ತಿಲ್ಲ. ಬಂದ ಬಡ್ಡಿಯನ್ನೇ ಅದೇ ದರಕ್ಕೆ 4 ತಿಂಗಳು ಸಾಲ ಕೊಟ್ಟೆ. ಬಡ್ಡಿ ಮತ್ತು ಬಡ್ಡಿಯ ಬಡ್ಡಿ ಸೇರಿ 6 ರೂಪಾಯಿ ಆಯಿತು. ಹಾಗಾದರೆ ನೂರಕ್ಕೆ ತಿಂಗಳಿಗೆ ಬಡ್ಡಿ ಎಷ್ಟು?

ಸೂತ್ರದಂತೆ ನಡೆಯೋಣ. ಕೊನೆಗೆ ಬಂದ 6ನ್ನು ಕಾಲ 4ರಿಂದಲೂ ಅಸಲು 100ರಿಂದಲೂ ಗುಣಿಸಿದರೆ 2400. ಅರ್ಧ ಅಸಲು 50. ಅದರ ವರ್ಗ 2500 ಕೂಡಿಸಿದರೆ 4900. ಅದರ ವರ್ಗಮೂಲ 70. ಅದರಲ್ಲಿ ಅರ್ಧ ಅಸಲು 50 ಕಳೆದರೆ 20. ಕಾಲ 4ರಿಂದ ಭಾಗಿಸಿದರೆ 5. ತಾಳೆ ನೋಡಿ: ನೂರಕ್ಕೆ 5 ಬಡ್ಡಿ, ಆ 5 ರೂಪಾಯಿಗೆ 4 ತಿಂಗಳಿಗೆ 1 ರೂಪಾಯಿ, ಒಟ್ಟು 6. ಹೈಸ್ಕೂಲಿನ ವರ್ಗ ಸಮೀಕರಣದ ಸೂತ್ರ ವೇಷ ಮರೆಸಿಕೊಂಡು ಕೂತಿರುವುದು ಇಲ್ಲಿ.

ಪದ ಹುಡುಕುವವರಿಗೆ ಇದರಲ್ಲಿ ಇನ್ನೊಂದು ನಿಧಿ ಇದೆ. ಎರಡೇ ಸಾಲಿನ ಆ ಶ್ಲೋಕದಲ್ಲಿ ಮೂಲ ಮತ್ತೆ ಮತ್ತೆ ಬರುತ್ತದೆ. ಒಂದು ಕಡೆ ಮಾತ್ರ ಅದು ವರ್ಗಮೂಲ, ಉಳಿದೆಲ್ಲ ಕಡೆ ಅಸಲು. ಯಾವುದು ಯಾವುದೆಂದು ಆರ್ಯಭಟ ಗುರುತು ಹಾಕಿಲ್ಲ. ಓದುವವನು ಲೆಕ್ಕ ಮಾಡಿಯೇ ತಿಳಿಯಬೇಕು. ಗಣಿತದ ಮೂಲ ಮತ್ತು ದುಡ್ಡಿನ ಮೂಲ ಆಗಿನ್ನೂ ಒಂದೇ ಮನೆಯಲ್ಲಿದ್ದವು.

ವರ್ಗಕ್ಕೆ ಮೂಲ ಎಂಬ ಹೆಸರು ಏಕೆ ಬಂತು ಎನ್ನುವುದು ಕಷ್ಟದ ಪ್ರಶ್ನೆಯಲ್ಲ. 25 ಒಂದು ಚೌಕವಾದರೆ ಅದು ಎದ್ದು ನಿಂತ ತಳ 5. 25 ಬೆಳೆದದ್ದು 5ರಿಂದ. ಜೈನರ ‘ಅನುಯೋಗದ್ವಾರಸೂತ್ರ’ ಪ್ರಥಮ ವರ್ಗಮೂಲ, ದ್ವಿತೀಯ ವರ್ಗಮೂಲ ಎಂದು ಮೂಲದ ಮೂಲವನ್ನೂ ಎಣಿಸುತ್ತದೆ. ಮೂಲಕ್ಕೆ ಸಮಾನವಾಗಿ ಇನ್ನೊಂದು ಪದವೂ ಚಲಾವಣೆಯಲ್ಲಿತ್ತು. ಅದು ‘ಪದ’. ಪದವೆಂದರೆ ಕಾಲು, ಹೆಜ್ಜೆ, ಅದೂ ತಳವೇ. 628ರಲ್ಲಿ ‘ಬ್ರಾಹ್ಮಸ್ಫುಟಸಿದ್ಧಾಂತ’ ಬರೆದ ಬ್ರಹ್ಮಗುಪ್ತ ವರ್ಗಮೂಲವನ್ನು ಪದವೆಂದೂ ಕರೆದಿದ್ದಾನೆ. ಆ ಲೆಕ್ಕದಲ್ಲಿ ಪದಜಿಜ್ಞಾಸೆ ಎಂದರೆ ವರ್ಗಮೂಲದ ವಿಚಾರಣೆ ಎಂದೂ ಆಗುತ್ತದೆ!

ಬ್ರಹ್ಮಗುಪ್ತನಿಂದ ನಮಗೆ ಬೇಕಾದ ಇನ್ನೆರಡು ಪದಗಳು ಧನ ಮತ್ತು ಋಣ. ಸೊನ್ನೆಗಿಂತ ಮೇಲಿನದು ಧನ, ಕೆಳಗಿನದು ಋಣ. ಇವೂ ಸಾಹುಕಾರನ ಪುಸ್ತಕದ ಮಾತುಗಳೇ. ಧನವನ್ನು ಧನದಿಂದ ಗುಣಿಸಿದರೆ ಧನ, ಋಣವನ್ನು ಋಣದಿಂದ ಗುಣಿಸಿದರೂ ಧನ ಎಂದು ಅವನು ನಿಯಮ ಹಾಕಿದ. ಹಾಗಾದರೆ ಯಾವ ವರ್ಗವೂ ಋಣವಾಗುವಂತಿಲ್ಲ. ಈಗ ಪ್ರಶ್ನೆ ತಾನಾಗಿಯೇ ಎದ್ದು ನಿಲ್ಲುತ್ತದೆ. ಒಂದು ಋಣಸಂಖ್ಯೆಯನ್ನು ಮುಂದಿಟ್ಟು ಇದರ ಮೂಲ ಎಷ್ಟು ಎಂದು ಕೇಳಿದರೆ?

ಇದನ್ನು ಎತ್ತಿಕೊಂಡು ಖಚಿತವಾಗಿ ಉತ್ತರ ಕೊಟ್ಟವನು ಕನ್ನಡ ನಾಡಿನ ಗಣಿತಜ್ಞ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಆಸುಪಾಸಿನಲ್ಲಿ, ‘ಗಣಿತಸಾರಸಂಗ್ರಹ’ ಬರೆದ ಜೈನ ವಿದ್ವಾಂಸ ಮಹಾವೀರಾಚಾರ್ಯ. ‘ಕವಿರಾಜಮಾರ್ಗ’ ಹುಟ್ಟಿದ್ದೂ ಅದೇ ಆಸ್ಥಾನದಲ್ಲಿ. ಒಂದು ಕಡೆ ಕನ್ನಡದ ಎಲ್ಲೆ ಗುರುತಿಸುವ ಕೆಲಸ, ಇನ್ನೊಂದು ಕಡೆ ಸಂಖ್ಯೆಯ ಎಲ್ಲೆ ಗುರುತಿಸುವ ಕೆಲಸ. ಮಹಾವೀರನ ತೀರ್ಪಿನ ಸಾರ ಇಷ್ಟು: ಋಣಸಂಖ್ಯೆ ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ. ಗೊತ್ತಿಲ್ಲದ್ದನ್ನು ಬಿಟ್ಟುಬಿಡುವುದು ಸುಲಭ. ಇಲ್ಲ ಎಂದು ಕಾರಣಸಹಿತ ಹೇಳುವುದಕ್ಕೆ ಮೊದಲು ಆ ಪ್ರಶ್ನೆಯನ್ನು ನೋಡಿರಬೇಕು. ಮಹಾವೀರ ನೋಡಿದ್ದ. ಈ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಸಂಪಾದಿಸಿದರು, 1912ರಲ್ಲಿ ಮದರಾಸು ಸರ್ಕಾರ ಅದನ್ನು ಅಚ್ಚು ಹಾಕಿಸಿತು. ಅಂಚೆಟ್ಟಿ ಆಗ ಸೇಲಂ ಜಿಲ್ಲೆಯೊಳಗೆ ಅದೇ ಮದರಾಸು ಪ್ರಾಂತ್ಯದಲ್ಲಿತ್ತು.

ಮಹಾವೀರನ ಪುಸ್ತಕದಲ್ಲಿ ಮೂಲದ ಲೆಕ್ಕಗಳಿಗೇ ಒಂದು ಜಾತಿ ಇದೆ. ಮೂಲ, ಶೇಷಮೂಲ, ಅಂಶಮೂಲ, ಮೂಲಮಿಶ್ರ ಎಂದು ಒಳಪಂಗಡಗಳು. ಒಂದು ಲೆಕ್ಕದಲ್ಲಿ ಒಂಟೆಗಳ ಹಿಂಡು. ಕಾಲು ಭಾಗ ಕಾಡಿನಲ್ಲಿ ಕಂಡಿತು. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಇಳಿಜಾರಿಗೆ ಹೋದವು. 15 ಒಂಟೆ ಹೊಳೆಯ ದಂಡೆಯಲ್ಲಿ ಉಳಿದವು. ಹಿಂಡಿನಲ್ಲಿ ಒಟ್ಟು ಎಷ್ಟು? ಉತ್ತರ 36: ಕಾಡಿನಲ್ಲಿ 9, ಇಳಿಜಾರಿನಲ್ಲಿ 12, ದಂಡೆಯಲ್ಲಿ 15. ಇದೂ ವರ್ಗ ಸಮೀಕರಣವೇ. ಇಲ್ಲಿ ಹುಡುಕಬೇಕಾದ ಅವ್ಯಕ್ತ, ಅಂದರೆ ಗೊತ್ತಿಲ್ಲದ ಸಂಖ್ಯೆ, ಹಿಂಡಿನ ಮೂಲ 6. ಮುಂದೆ 12ನೆಯ ಶತಮಾನದಲ್ಲಿ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಬರೆದು ಲೆಕ್ಕವನ್ನು ಸಂಸ್ಕೃತದಿಂದ ಕನ್ನಡಕ್ಕೆ ಇಳಿಸಿದ.

ಅದೇ ಶತಮಾನದ ಭಾಸ್ಕರಾಚಾರ್ಯ, 1114ರಲ್ಲಿ ಹುಟ್ಟಿ 1150ರಲ್ಲಿ ‘ಸಿದ್ಧಾಂತಶಿರೋಮಣಿ’ ಮುಗಿಸಿದವನು, ವರ್ಗ ಸಮೀಕರಣ ಬಿಡಿಸುವ ಕ್ರಮವನ್ನು ಮಧ್ಯಮಾಹರಣ ಎಂದು ಕರೆಯುತ್ತಾನೆ. ವರ್ಗಕ್ಕೂ ಬರೀ ಸಂಖ್ಯೆಗೂ ನಡುವೆ ಕೂತ ಪದವನ್ನು ತೆಗೆದುಹಾಕುವುದು ಎಂದರ್ಥ. ಸೂತ್ರ ತನಗಿಂತ ಹಿಂದಿನ ಗಣಿತಜ್ಞ ಶ್ರೀಧರನದು ಎಂದು ಭಾಸ್ಕರನೇ ಹೇಳಿದ್ದಾನೆ. ನಮ್ಮ ಮಕ್ಕಳು ಎಕ್ಸ್ ಎಂದು ಬರೆಯುವಲ್ಲಿ ಅವನು ‘ಯಾವತ್ತಾವತ್’ ಎಂಬುದರ ಮೊದಲ ಅಕ್ಷರ ‘ಯಾ’ ಬರೆಯುತ್ತಿದ್ದ. ನಾವೂ ಹಾಗೆಯೇ ಬರೆಯೋಣ:

ಯಾ² + ಯಾ − 12 = 0

ಎರಡೂ ಕಡೆ 4ರಿಂದ ಗುಣಿಸಿ, 12ನ್ನು ಆಚೆ ಕಳಿಸಿದರೆ 4ಯಾ² + 4ಯಾ = 48. ನಡುವಿನ ಗುಣಕ 1ರ ವರ್ಗ ಕೂಡಿಸಿದರೆ ಬಲಗಡೆ 49, ಎಡಗಡೆ (2ಯಾ + 1)ರ ವರ್ಗ. ಎರಡೂ ಕಡೆ ಮೂಲ ತೆಗೆ: 2ಯಾ + 1 = 7 ಅಥವಾ −7. ಯಾ = 3 ಅಥವಾ −4. ಧನಸಂಖ್ಯೆಗೆ ಮೂಲ ಎರಡು, ಒಂದು ಧನ, ಒಂದು ಋಣ ಎಂದು ಭಾಸ್ಕರ ಸ್ಪಷ್ಟವಾಗಿ ಹೇಳುತ್ತಾನೆ. ಆದರೂ ಉತ್ತರ ಲೋಕಕ್ಕೆ ಒಪ್ಪಿಗೆಯಾಗಬೇಕು. ಅವನ ‘ಬೀಜಗಣಿತ’ದ ಒಂದು ಲೆಕ್ಕದಲ್ಲಿ ಕೋತಿಗಳ ಗುಂಪಿನ ಐದನೇ ಒಂದು ಭಾಗದಲ್ಲಿ ಮೂರು ಕಳೆದು, ಅದರ ವರ್ಗದಷ್ಟು ಕೋತಿ ಗುಹೆಗೆ ಹೋದವು, ಒಂದು ಕೊಂಬೆಯ ಮೇಲೆ ಉಳಿಯಿತು. ಉತ್ತರ 50 ಬರುತ್ತದೆ, 5ರೂ ಬರುತ್ತದೆ. 5ನ್ನು ಭಾಸ್ಕರ ಬಿಟ್ಟುಬಿಡುತ್ತಾನೆ. ಐದರ ಐದನೇ ಒಂದು ಭಾಗ ಒಂದು. ಅದರಲ್ಲಿ ಮೂರು ಕಳೆದರೆ ಋಣ. ಋಣವಾದ ಕೋತಿಗಳನ್ನು ಜನ ಒಪ್ಪುವುದಿಲ್ಲ. ಋಣದ ಮೂಲದ ವಿಷಯದಲ್ಲಿ ಅವನದೂ ಮಹಾವೀರನದೇ ಮಾತು. ಅದು ವರ್ಗವಲ್ಲ, ಮೂಲವಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ಈ ಬರಹದ ತಿರುಳೂ ಅದೇ. ಮೇಲಿನ ಲೆಕ್ಕದಲ್ಲಿ 7 ಮೂಲ, 49ರ ಮೂಲ. ಕೊನೆಗೆ ಸಿಕ್ಕ 3 ಮತ್ತು −4ಕ್ಕೆ ಭಾಸ್ಕರ ಮೂಲ ಎನ್ನುವುದಿಲ್ಲ. ಅವು ಅವ್ಯಕ್ತದ ‘ಮಾನ’, ಅಂದರೆ ಬೆಲೆ. ವರ್ಗಪ್ರಕೃತಿ ಎಂಬ ಬೇರೆ ಬಗೆಯ ಸಮೀಕರಣದಲ್ಲಿ ಉತ್ತರಗಳನ್ನು ಕನಿಷ್ಠಪದ, ಜ್ಯೇಷ್ಠಪದ ಎನ್ನುವುದುಂಟು, ಆದರೆ ಅಲ್ಲಿಯೂ ಅವು ಎರಡು ವರ್ಗಗಳ ಮೂಲಗಳೇ. ಇಂದಿನ ಪಠ್ಯದಲ್ಲಿ ಮಾತ್ರ 7 ವರ್ಗಮೂಲ, 3 ಮತ್ತು −4 ಸಮೀಕರಣದ ಮೂಲಗಳು. ಎರಡನೆಯ ಅರ್ಥ ನಮ್ಮ ಮೂಲಕ್ಕೆ ಎಲ್ಲಿಂದ ಬಂತು?

ಅದು ಪರದೇಶ ಸುತ್ತಿ ಬಂದದ್ದು. 820ರ ಸುಮಾರಿಗೆ ಬಾಗ್ದಾದಿನಲ್ಲಿ ಅಲ್-ಖ್ವಾರಿಜ್ಮಿ ‘ಅಲ್-ಜಬ್ರ್’ ಪುಸ್ತಕ ಬರೆದ. ಅವನ ಅವ್ಯಕ್ತಕ್ಕೆ ಹೆಸರು ಜಿಧ್ರ್, ಅರಬ್ಬಿಯಲ್ಲಿ ಬೇರು. ಅದರ ವರ್ಗ ಮಾಲ್, ಅಂದರೆ ಸಂಪತ್ತು. ಒಂದು ಮಾಲ್ ಮತ್ತು ಹತ್ತು ಬೇರು ಸೇರಿ 39 ಎಂದರೆ ಅವನ ಪ್ರಕಾರ ಒಂದು ಸಮೀಕರಣ. ಹೀಗಾಗಿ ಅವನಲ್ಲಿ ಬೇರು ಹುಡುಕುವುದೂ ಸಮೀಕರಣದ ಉತ್ತರ ಹುಡುಕುವುದೂ ಒಂದೇ ಆಯಿತು. ಜಿಧ್ರ್ ನಮ್ಮ ಮೂಲದ ಅನುವಾದ ಎಂದು ಹಿಂದೂ ಗಣಿತದ ಚರಿತ್ರೆ ಬರೆದ ಬಿಭೂತಿಭೂಷಣ ದತ್ತ ಮತ್ತು ಅವಧೇಶ ನಾರಾಯಣ ಸಿಂಗ್ ವಾದಿಸಿದರು. ಎಲ್ಲ ವಿದ್ವಾಂಸರೂ ಒಪ್ಪಿದ ಮಾತಲ್ಲ ಅದು. ಮುಂದಿನ ಹೆಜ್ಜೆಯಲ್ಲಿ ಜಗಳವಿಲ್ಲ. 12ನೆಯ ಶತಮಾನದಲ್ಲಿ ತೊಲೆಡೊ ನಗರದಲ್ಲಿ ಕ್ರೆಮೊನಾದ ಗೆರಾರ್ಡ್ ಆ ಪುಸ್ತಕವನ್ನು ಲ್ಯಾಟಿನ್ನಿಗೆ ತಂದ. ಜಿಧ್ರ್ ರಾಡಿಕ್ಸ್ ಆಯಿತು, ಮೂಲಂಗಿಗೆ ಹೆಸರು ಕೊಟ್ಟ ಅದೇ ರಾಡಿಕ್ಸ್. ಅದು ಇಂಗ್ಲಿಷಿನಲ್ಲಿ ರೂಟ್ ಆಯಿತು. ಇಂಗ್ಲಿಷ್ ಗಣಿತ ನಮ್ಮ ಶಾಲೆಗಳಿಗೆ ಇಳಿದಾಗ ರೂಟ್ ಎಂಬ ಒಂದೇ ಪದದ ಎರಡೂ ಕೆಲಸವನ್ನು ಮೂಲದ ತಲೆಗೇ ಕಟ್ಟಲಾಯಿತು. ತವರಿನಲ್ಲೇ ಇದ್ದ ಪದಕ್ಕೆ ಪರದೇಶದ ಅರ್ಥವೊಂದು ಬಂದು ಸೇರಿದ್ದು ಹೀಗೆ.

ಈ ಸುತ್ತಾಟದ ನಡುವೆ ಯುರೋಪಿನವರು ಮಹಾವೀರ ಮುಚ್ಚಿದ್ದ ಬಾಗಿಲನ್ನು ತಟ್ಟಿದರು. 1545ರಲ್ಲಿ ಕಾರ್ಡಾನೊ, ಹತ್ತನ್ನು ಎರಡು ಭಾಗ ಮಾಡಿ ಅವುಗಳ ಗುಣಲಬ್ಧ 40 ಬರುವಂತೆ ಮಾಡು ಎಂದು ಲೆಕ್ಕ ಹಾಕಿ, ಉತ್ತರವಾಗಿ 5 + √−15 ಮತ್ತು 5 − √−15 ಎಂದು ಬರೆದ. ಸೂಕ್ಷ್ಮವಾದದ್ದು, ಆದರೆ ಉಪಯೋಗವಿಲ್ಲದ್ದು ಎಂದು ಅವನೇ ಷರಾ ಹಾಕಿದ. 1572ರಲ್ಲಿ ಬೊಂಬೆಲ್ಲಿ ಅಂಥವನ್ನು ಕೂಡುವ, ಗುಣಿಸುವ ನಿಯಮ ಕೊಟ್ಟ. 1637ರಲ್ಲಿ ದೆಕಾರ್ತ್ ಸಮೀಕರಣದ ಬೇರುಗಳನ್ನು ಮೂರು ಬಗೆ ಮಾಡಿದ. ಧನವಾದವು ನಿಜ, ಋಣವಾದವು ಸುಳ್ಳು, ಇವೆರಡೂ ಅಲ್ಲದವು ಕಲ್ಪನೆಯವು. 1777ರಲ್ಲಿ ಆಯ್ಲರ್ √−1ಕ್ಕೆ ‘ಐ’ ಎಂಬ ಒಂಟಿ ಅಕ್ಷರ ಕೊಟ್ಟ. 1831ರಲ್ಲಿ ಗೌಸ್ ವಾಸ್ತವವೂ ಕಲ್ಪನೆಯೂ ಬೆರೆತ ಸಂಖ್ಯೆಗೆ ಕಾಂಪ್ಲೆಕ್ಸ್ ಎಂಬ ಹೆಸರನ್ನು ಖಾಯಂ ಮಾಡಿದ.

ನಮ್ಮ ಭಾಷೆಗಳು ಈ ಹೆಸರುಗಳನ್ನು ತಮ್ಮ ತಮ್ಮ ರೀತಿಯಲ್ಲಿ ಒಳಗೆ ಬಿಟ್ಟುಕೊಂಡವು. ಕನ್ನಡದಲ್ಲಿ ಸಂಮಿಶ್ರ ಸಂಖ್ಯೆಯೂ ಉಂಟು, ಸಂಕೀರ್ಣ ಸಂಖ್ಯೆಯೂ ಉಂಟು. ತಮಿಳಿನಲ್ಲಿ ಕಲಪ್ಪು ಎಣ್, ಕಲಸಿದ ಸಂಖ್ಯೆ. ಕನ್ನಡದ ವಾಸ್ತವ ಸಂಖ್ಯೆ ತಮಿಳಿನಲ್ಲಿ ಮೆಯ್ಯೆಣ್. ತಮಿಳಿನ ಮೆಯ್ ಎಂದರೆ ಸತ್ಯ, ಮೈ ಕೂಡ. ಹಳಗನ್ನಡದಲ್ಲೂ ದೇಹಕ್ಕೆ ಮೆಯ್ ಎಂದೇ ಹೆಸರು. ವರ್ಗ ಸಮೀಕರಣದ ಮೂಲ ಎಂಥದ್ದು ಎಂದು ಮುಂಚೆಯೇ ತಿಳಿಸುವ ಸಂಖ್ಯೆಗೆ ಕನ್ನಡ ಪಠ್ಯ ಶೋಧಕ ಎನ್ನುತ್ತದೆ, ತಮಿಳು ತನ್ಮೈಕ್ಕಾಟ್ಟಿ, ಸ್ವಭಾವ ತೋರಿಸುವುದು, ಎನ್ನುತ್ತದೆ. ಸ್ವಭಾವತಃ ವರ್ಗವಲ್ಲ ಎಂದ ಮಹಾವೀರನ ಮಾತು ಇಲ್ಲಿ ನೆನಪಾಗಬೇಕು.

ಈಗ ಅಂಚೆಟ್ಟಿಯ ಹತ್ತನೆಯ ತರಗತಿಗೆ ಬರೋಣ. ತಮಿಳುನಾಡಿನ ಪಠ್ಯದಲ್ಲಿ ವರ್ಗ ಸಮೀಕರಣದ ಮೂಲಗಳ ಸ್ವಭಾವವನ್ನು ಗ್ರಾಫ್ ಬರೆದು ನೋಡುವ ಪಾಠವಿದೆ. ಪರೀಕ್ಷೆಯಲ್ಲಿ ಗ್ರಾಫ್ ಪ್ರಶ್ನೆಗೆ 8 ಅಂಕ. ಕ್ಯಾಲ್ಕುಲೇಟರಿಗೆ ಪ್ರವೇಶವಿಲ್ಲ, ಪೆನ್ಸಿಲ್, ಸ್ಕೇಲು, ಗ್ರಾಫ್ ಹಾಳೆ ಅಷ್ಟೇ. ಪಠ್ಯದ ಒಂದು ಉದಾಹರಣೆ ಹೀಗಿದೆ:

ಯಾ² + 2ಯಾ + 5 = 0

ಯಾಗೆ −3 ಕೊಟ್ಟರೆ ಎತ್ತರ 8, −2 ಕೊಟ್ಟರೆ 5, −1ಕ್ಕೆ 4, 0ಗೆ 5, 1ಕ್ಕೆ 8. ಚುಕ್ಕಿ ಇಟ್ಟು ಕೈ ಬಿಗಿಹಿಡಿಯದೆ ಗೆರೆ ಎಳೆದರೆ ಪರವಲಯ ಸಿದ್ಧ. ಅದು −1ರ ನೇರಕ್ಕೆ 4ರ ಎತ್ತರದವರೆಗೆ ಇಳಿದು ಮತ್ತೆ ಮೇಲೇಳುತ್ತದೆ. ಕೆಳಗಿನ ಎಕ್ಸ್ ಅಕ್ಷವನ್ನು ಮುಟ್ಟುವುದೇ ಇಲ್ಲ. ಮುಟ್ಟಿದ ಜಾಗವೇ ಮೂಲವಾದ್ದರಿಂದ ಮಗು ಬರೆಯುವ ಉತ್ತರ: ವಾಸ್ತವ ಮೂಲಗಳಿಲ್ಲ. ಶ್ರೀಧರನ ದಾರಿ ಹಿಡಿದರೂ ಅಷ್ಟೇ. 4ಯಾ² + 8ಯಾ = −20; 4 ಕೂಡಿಸಿದರೆ (2ಯಾ + 2)ರ ವರ್ಗ −16. ಮಹಾವೀರ ಪುಸ್ತಕ ಮುಚ್ಚುವುದು ಇಲ್ಲಿ. ಆಯ್ಲರನ ಅಕ್ಷರ ಹಿಡಿದು ಮುಂದೆ ಹೋದರೆ 2ಯಾ + 2 = ±4ಐ, ಅಂದರೆ ಯಾ = −1 ± 2ಐ.

ಹಾಗಾದರೆ ಆ ಹಾಳೆಯ ಮೇಲೆ ಈ ಮೂಲಗಳ ಸುಳಿವೇ ಇಲ್ಲವೆ? ಇದೆ. ಪರವಲಯದ ತಳಬಿಂದು −1ರ ನೇರಕ್ಕಿದೆ. ಮೂಲದ ವಾಸ್ತವ ಭಾಗ ಅದೇ −1. ತಳಬಿಂದುವಿನ ಎತ್ತರ 4. ಅದರ ಎರಡರಷ್ಟು, ಅಂದರೆ 8ರ ಎತ್ತರದಲ್ಲಿ ಅಡ್ಡಗೆರೆ ಎಳೆಯಿರಿ. ಅದು ಪರವಲಯವನ್ನು −3ರಲ್ಲೂ 1ರಲ್ಲೂ ಕತ್ತರಿಸುತ್ತದೆ. ನಡುಗೆರೆ −1ರಿಂದ ಎರಡೂ ಕಡೆಗೆ ದೂರ 2. ಐ ಮುಂದೆ ಬರಬೇಕಾದ ಸಂಖ್ಯೆ ಅದೇ. ಮಗು ತಾನೇ ಹಾಕಿದ ಕೋಷ್ಟಕದಲ್ಲಿ −3ರ ಎದುರು 8, 1ರ ಎದುರು 8 ಎಂದು ಬರೆದಿತ್ತು. ಉತ್ತರ ಅದರ ಕೈಯಡಿಯಲ್ಲೇ ಇತ್ತು. ಅಕ್ಷಕ್ಕಿಂತ ಮೇಲೆ ನಿಂತು ಮೇಲ್ಮುಖವಾಗಿ ತೆರೆದ ಯಾವ ಪರವಲಯಕ್ಕೂ ಈ ಉಪಾಯ ಸಲ್ಲುತ್ತದೆ.

ಗ್ರಾಫ್ ಬರೆಯುವ ಕ್ಯಾಲ್ಕುಲೇಟರಿಗೂ ಇದೇ ಪಾಡು. ಅಂಥ ಮೊದಲ ಯಂತ್ರ ಕ್ಯಾಸಿಯೊ ಎಫ್‌ಎಕ್ಸ್-7000ಜಿ 1985ರಲ್ಲಿ ಬಂತು. ಪರವಲಯ ಅಕ್ಷವನ್ನು ಕತ್ತರಿಸುವ ಜಾಗ ಹುಡುಕುವ ಗುಂಡಿಗೆ ಕ್ಯಾಸಿಯೊದ ಗ್ರಾಫ್ ಯಂತ್ರಗಳಲ್ಲಿ ರೂಟ್ ಎಂದೂ ಟಿಐ-84ರಲ್ಲಿ ಜೀರೊ ಎಂದೂ ಹೆಸರು. ನಮ್ಮ ಪಠ್ಯದಲ್ಲೂ ಬಹುಪದೋಕ್ತಿಗೆ ಶೂನ್ಯತೆ, ಸಮೀಕರಣಕ್ಕೆ ಮೂಲ ಎಂದು ಇದೇ ಒಡಕು. ಹೆಸರು ಯಾವುದಾದರೇನು, ಮೇಲಿನ ಸಮೀಕರಣ ಕೊಟ್ಟು ಆ ಗುಂಡಿ ಒತ್ತಿದರೆ ಎರಡೂ ಕೈಚೆಲ್ಲುತ್ತವೆ, ಏಕೆಂದರೆ ಅವು ಹುಡುಕುವುದು ಅಕ್ಷದ ಉದ್ದಕ್ಕೆ ಮಾತ್ರ. ಇಂಜಿನಿಯರಿಂಗ್ ಹುಡುಗರ ಕೈಯಲ್ಲಿರುವ ಕ್ಯಾಸಿಯೊ ಎಫ್‌ಎಕ್ಸ್-991ಇಎಸ್ ಗ್ರಾಫ್ ಬರೆಯುವುದಿಲ್ಲ. ಸಾಮಾನ್ಯ ಲೆಕ್ಕದ ಮೋಡಿನಲ್ಲಿ √−16 ಒತ್ತಿದರೆ ‘ಮ್ಯಾತ್ ಎರರ್’ ಎನ್ನುತ್ತದೆ. ಮಹಾವೀರನ ತೀರ್ಪು ಎರಡೇ ಪದಗಳಲ್ಲಿ. ಸಮೀಕರಣದ ಮೋಡಿಗೆ ಹೋಗಿ 1, 2, 5 ಎಂದು ಗುಣಕಗಳನ್ನು ಕೊಟ್ಟರೆ ಅದೇ ಯಂತ್ರ −1 + 2ಐ, −1 − 2ಐ ಎಂದು ತೋರಿಸುತ್ತದೆ. ಒಂದೇ ಡಬ್ಬಿಯೊಳಗೆ ಮೂಲದ ಎರಡು ಅರ್ಥ, ಎರಡು ಮೋಡು.

ದುಬಾರಿ ಗ್ರಾಫ್ ಯಂತ್ರವನ್ನು ಕಾಣದ ಊರಿಗೂ ಮೊಬೈಲಿನಲ್ಲಿ ಜಿಯೊಜೀಬ್ರಾ ಪುಕ್ಕಟೆಯಾಗಿ ತಲುಪಿದೆ. ಸಮೀಕರಣ ಬರೆದು ‘ಕಾಂಪ್ಲೆಕ್ಸ್‌ರೂಟ್’ ಎಂಬ ಆಜ್ಞೆ ಕೊಟ್ಟರೆ ಎರಡು ಚುಕ್ಕಿ ಮೂಡುತ್ತವೆ, −1ರ ನೇರಕ್ಕೆ ಒಂದು 2ರ ಎತ್ತರದಲ್ಲಿ, ಇನ್ನೊಂದು 2ರ ಆಳದಲ್ಲಿ. ಪರವಲಯದ ನಡುಗೆರೆಯ ಮೇಲೆಯೇ ಇವೆ, ಪರವಲಯದ ಮೇಲಲ್ಲ. ಇಲ್ಲಿ ಎಚ್ಚರ ಬೇಕು. ಒಂದೇ ಪರದೆಯ ಮೇಲೆ ಎರಡು ಬೇರೆ ನಕ್ಷೆಗಳಿವೆ. ಪರವಲಯಕ್ಕೆ ನಿಂತ ಅಕ್ಷ ಎಂದರೆ ಬೆಲೆಯ ಎತ್ತರ. ಚುಕ್ಕಿಗಳಿಗೆ ಅದೇ ಅಕ್ಷ ಐಗಳ ಎಣಿಕೆ. ಗಾಡಿಯ ಅಚ್ಚು ಒಂದೇ, ಕಟ್ಟಿದ ಗಾಡಿ ಬೇರೆ.

ಇಷ್ಟು ದೂರ ಬಂದ ಮೇಲೆ ಶಾಲೆಯ ಉತ್ತರವನ್ನು ಮತ್ತೊಮ್ಮೆ ಓದಬೇಕು: ವಾಸ್ತವ ಮೂಲಗಳಿಲ್ಲ. ತಮಿಳಿನಲ್ಲಾದರೆ ಮೆಯ್ ಮೂಲಂಗಳ್ ಇಲ್ಲೈ. ಅವಸರದಲ್ಲಿ ಬಹಳ ಮಕ್ಕಳು, ಎಷ್ಟೋ ಸಲ ಮೇಷ್ಟರೂ, ಮೊದಲ ಪದ ಬಿಟ್ಟು ಮೂಲಗಳಿಲ್ಲ ಎಂದುಬಿಡುತ್ತಾರೆ. ಹಾಗೆನ್ನುವುದು 850ರ ಸುಮಾರಿನ ಮಾತು. ಮಹಾವೀರನಿಗೆ ಆ ವಿಶೇಷಣ ಬೇಕಿರಲಿಲ್ಲ. ಅವಾಸ್ತವವಾದ ಮೂಲ ಇನ್ನೂ ಹುಟ್ಟದಿದ್ದಾಗ ಇದ್ದ ಮೂಲವನ್ನು ವಾಸ್ತವ ಎಂದು ಯಾರು ಕರೆಯುತ್ತಾರೆ? ದೆಕಾರ್ತನಂಥವರು ಕಲ್ಪನೆಯ ಮೂಲ ಎಂದ ಮೇಲೆಯೇ ಹಳೆಯದಕ್ಕೆ ವಾಸ್ತವ ಎಂಬ ಬಿರುದು ಬೇಕಾಯಿತು. ಮಹಾವೀರನಿಂದ ಗೌಸ್‌ವರೆಗೆ ಹತ್ತಿರ ಹತ್ತಿರ ಸಾವಿರ ವರ್ಷ. ಆ ಸಾವಿರ ವರ್ಷದಲ್ಲಿ ‘ಇಲ್ಲ’ ಎಂಬ ತೀರ್ಪನ್ನು ಯಾರೂ ತಳ್ಳಿಹಾಕಲಿಲ್ಲ, ವಾಸ್ತವ ಸಂಖ್ಯೆಗಳ ಮಟ್ಟಿಗೆ ಅದು ಈಗಲೂ ಸರಿ. ಅದರ ಹಿಂದೆ ಒಂದು ವಿಶೇಷಣ ಸೇರಿಸಿದರು, ಅಷ್ಟೇ. ಉತ್ತರಪತ್ರಿಕೆಯಲ್ಲಿ ಅದನ್ನು ಬಿಟ್ಟರೆ ಅಂಕ ಹೋಗುತ್ತದೋ ಇಲ್ಲವೋ, ಸಾವಿರ ವರ್ಷದ ಗಣಿತವಂತೂ ಹೋಗುತ್ತದೆ.